ದಿನಕ್ಕೆ 20 ನಿಮಿಷದಲ್ಲಿ ಜಪಾನೀ ಅಕ್ಷರಾಭ್ಯಾಸ

2025 ಡಿಸೆಂಬರ್ 8, ಸೋಮವಾರ

ನಿನ್ನೆ ಈ ವರ್ಷದ ಎರಡನೇ ಜೆಎಲ್‌ಪಿಟಿ, ಅಂದರೆ ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆ, ಮುಗಿಯಿತು. ಮುಂದಿನದು ಜುಲೈ ತಿಂಗಳ ಮೊದಲ ಭಾನುವಾರ. ಇವತ್ತಿನಿಂದ ಎಣಿಸಿದರೆ 30 ವಾರ. ಕೆಲಸ, ಮನೆ, ಓಡಾಟ ಎಲ್ಲ ಕಳೆದು ದಿನಕ್ಕೆ ಬರೀ 20 ನಿಮಿಷ ಉಳಿಯುವವರಿಗೂ ಇಷ್ಟರಲ್ಲಿ 70 ಗಂಟೆ ಸಿಗುತ್ತದೆ. ಉಚ್ಚಾರ ತೋರಿಸುವ ಲಿಪಿಗಳಾದ ಹಿರಗನ, ಕತಕನ ಎರಡನ್ನೂ ಬರೆಯಲು ಕಲಿತು, ಅದರ ಮೇಲೆ ಚೀನಾದಿಂದ ಬಂದ, ಅರ್ಥ ಸೂಚಿಸುವ ಕಂಜಿ ಅಕ್ಷರಗಳಲ್ಲಿ ನೂರರಷ್ಟನ್ನು ಗುರುತಿಸಲು ಅದು ಸಾಕು. ಮೊದಲ ಮೆಟ್ಟಿಲಾದ ಎನ್5ಗೆ ಲಿಪಿಯ ಮಟ್ಟಿಗೆ ಹೆಚ್ಚು ಬೇಕಿಲ್ಲ. ವ್ಯಾಕರಣಕ್ಕೆ, ಕೇಳುವ ಅಭ್ಯಾಸಕ್ಕೆ ಬೇರೆ ಹೊತ್ತು ಹುಡುಕಬೇಕು. ಇದೇ 20 ನಿಮಿಷದಲ್ಲಿ ಅವನ್ನೂ ತುರುಕಿದರೆ ಯಾವುದೂ ನಿಲ್ಲುವುದಿಲ್ಲ.

ಹೊತ್ತನ್ನು ಹೀಗೆ ಹಂಚಿಕೊಳ್ಳಿ: ಮೊದಲ 8 ನಿಮಿಷ ಹಳೆಯ ಅಕ್ಷರ, ಆಮೇಲೆ 7 ನಿಮಿಷ ಹೊಸದು, ಕೊನೆಯ 5 ನಿಮಿಷ ಓದು. ಹಳೆಯದೇ ಮೊದಲು ಬರಬೇಕು. ಹೊಸದರಿಂದ ಶುರುಮಾಡಿದವರಿಗೆ ಹಳೆಯದಕ್ಕೆ ಹೊತ್ತೇ ಉಳಿಯುವುದಿಲ್ಲ. ಎರಡನೇ ವಾರಕ್ಕೆ ಮೊದಲ ಸಾಲು ಮರೆತಿರುತ್ತದೆ. ಇವತ್ತು ಎಷ್ಟು ಹೊಸ ಅಕ್ಷರ ಕಲಿಯಬಹುದು ಎಂಬುದನ್ನು ಇವತ್ತಿನ ಉಮೇದು ನೋಡಿ ತೀರ್ಮಾನಿಸಬಾರದು. ಕಲಿತ ಪ್ರತಿ ಅಕ್ಷರವೂ ಮರುದಿನ, ಮೂರು ದಿನ ಬಿಟ್ಟು, ವಾರ ಬಿಟ್ಟು, ಎರಡು ವಾರ ಬಿಟ್ಟು ಮತ್ತೆ ಎದುರು ಬರುತ್ತದೆ. ಆ ಬಾಕಿ 8 ನಿಮಿಷದಲ್ಲಿ ತೀರುವಷ್ಟೇ ಹೊಸದನ್ನು ಸೇರಿಸಬೇಕು. ಕಾರ್ಡ್ ತೋರಿಸಿ ನೆನಪು ಪರೀಕ್ಷಿಸುವ ಆಂಕಿ ಆ್ಯಪ್ ಬಳಸುವವರು ಮೊದಲು ಮಾಡಬೇಕಾದ ಕೆಲಸವೇ ಇದು: ಅದರಲ್ಲಿ ದಿನಕ್ಕೆ 20 ಹೊಸ ಕಾರ್ಡ್ ಎಂದು ಮೊದಲೇ ಇಟ್ಟಿರುತ್ತಾರೆ, ಅದನ್ನು 5ಕ್ಕೆ ಇಳಿಸಿ.

ಹಿರಗನದಲ್ಲಿ 46 ಮೂಲ ಅಕ್ಷರ. ಕನ್ನಡ ಓದುವವರಿಗೆ ಅವುಗಳ ಕ್ರಮ ಆಗಲೇ ಗೊತ್ತು: ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ಬೌದ್ಧ ಭಿಕ್ಷುಗಳು ಸಂಸ್ಕೃತಕ್ಕಾಗಿ ಕಲಿಯುತ್ತಿದ್ದ ಸಿದ್ಧಂ ಲಿಪಿಯ ಪ್ರಭಾವ ಅದು. ಕವರ್ಗದ ಜಾಗದಲ್ಲಿ ಕ, ಚವರ್ಗದ ಜಾಗದಲ್ಲಿ ಸ, ತವರ್ಗಕ್ಕೆ ತ-ನ, ಪವರ್ಗಕ್ಕೆ ಹ-ಮ. ಪ ಇರಬೇಕಾದಲ್ಲಿ ಹ ಕೂತಿರುವುದಕ್ಕೂ ಕಾರಣವಿದೆ. ಹಳೆಯ ಜಪಾನಿಯಲ್ಲಿ ಆ ಸಾಲಿನ ಉಚ್ಚಾರ ಪ ಇತ್ತು. ನಮ್ಮಲ್ಲಿ ಪಾಲ್ ಹಾಲಾದಂತೆ, ಪೂ ಹೂವಾದಂತೆ ಅಲ್ಲೂ ಜಾರಿತು. ಇದು ತಿಳಿದಿದ್ದರೆ ಮುಂದಿನ ಗೊಂದಲ ತಪ್ಪುತ್ತದೆ. ಅಕ್ಷರದ ಬಲ ಮೇಲ್ತುದಿಯಲ್ಲಿ ಎರಡು ಪುಟ್ಟ ಗೆರೆ ಎಳೆದರೆ ಕ ಗ ಆಗುತ್ತದೆ, ತ ದ ಆಗುತ್ತದೆ, ಹ ಮಾತ್ರ ಬ ಆಗುತ್ತದೆ. ಅದೇ ಹ ಮೇಲೆ ಪುಟ್ಟ ಸೊನ್ನೆ ಇಟ್ಟರೆ ಪ. ಹೀಗೆ ಇನ್ನೂ 25 ಅಕ್ಷರ ಹೊಸ ಆಕಾರ ಕಲಿಯದೆಯೇ ಸಿಗುತ್ತವೆ.

ಕಷ್ಟ ಇನ್ನೊಂದು ಕಡೆ ಇದೆ. ಕಾಗುಣಿತ ಇಲ್ಲ. ಕ, ಕಿ, ಕು, ಕೆ, ಕೊ ಐದಕ್ಕೂ ಆಕಾರದಲ್ಲಿ ಯಾವ ಸಂಬಂಧವೂ ಇಲ್ಲ. ಒಂದೊಂದನ್ನೂ ಬಿಡಿಯಾಗಿ ಕಲಿಯಬೇಕು. ಅದಕ್ಕೇ ಒಂದು ಸಲಕ್ಕೆ ಒಂದೇ ಸಾಲು. ಸೋಮವಾರ, ಬುಧವಾರ, ಶುಕ್ರವಾರ, ಶನಿವಾರ ಒಂದೊಂದು ಹೊಸ ಸಾಲು; ಉಳಿದ ಮೂರು ದಿನ ಹೊಸದೇನೂ ಇಲ್ಲ. ಹತ್ತು ಸಾಲು ಎರಡೂವರೆ ವಾರದಲ್ಲಿ ಮುಗಿಯುತ್ತದೆ. ಮೂರನೇ ವಾರದ ಕೊನೆಗೆ ಗೆರೆ-ಸೊನ್ನೆ ಇಡುವುದು, ಸಣ್ಣ ಯ, ಯು, ಯೊ ಸೇರಿಸಿ ಕ್ಯ, ಶು, ಚೊ ಬರೆಯುವುದು.

ಪುಸ್ತಕಕ್ಕೆ ಲೆಕ್ಕದ ಚೌಕಳಿ ನೋಟ್‌ಬುಕ್ ಸಾಕು. ನಾಲ್ಕು ಚೌಕ ಸೇರಿಸಿ ಒಂದು ಮನೆ ಮಾಡಿಕೊಳ್ಳಿ. ಒಳಗಿನ ಅಡ್ಡಗೆರೆ, ಉದ್ದಗೆರೆ ಅಕ್ಷರದ ನಡುಭಾಗ ತೋರಿಸುತ್ತವೆ. ಜಪಾನಿನ ಮಕ್ಕಳ ಅಭ್ಯಾಸ ಪುಸ್ತಕದಲ್ಲೂ ಹೀಗೇ ಚುಕ್ಕೆಗೆರೆ ಇರುತ್ತದೆ. ಬಾಲ್‌ಪೆನ್ನಿಗಿಂತ 2ಬಿ ಪೆನ್ಸಿಲ್ ಒಳ್ಳೆಯದು. ಗೆರೆ ಎಲ್ಲಿ ನಿಂತಿತು, ಎಲ್ಲಿ ಕೊಕ್ಕೆಯಾಗಿ ಹಾರಿತು, ಎಲ್ಲಿ ಸವರಿಕೊಂಡು ಹೋಯಿತು ಎಂಬ ಮೂರೂ ಅದರಲ್ಲಿ ಬೇರೆಬೇರೆಯಾಗಿ ಕಾಣುತ್ತವೆ. ಒಂದೇ ಅಕ್ಷರವನ್ನು ಪುಟ ತುಂಬಾ ಬರೆಯಬೇಡಿ. ನಾಲ್ಕನೆಯ ಸಲದಿಂದ ಕೈ ಮಾತ್ರ ಓಡುತ್ತದೆ, ಮನಸ್ಸು ಎಲ್ಲೋ ಇರುತ್ತದೆ. ಮಾದರಿ ನೋಡುತ್ತಾ ಮೂರು ಸಲ ಬರೆದು, ಅದನ್ನು ಮುಚ್ಚಿ ಒಂದು ಸಲ ಬರೆದು, ತೆರೆದು ಹೋಲಿಸಿ. ಸಾಲಿನ ಉಳಿದ ಅಕ್ಷರಗಳನ್ನು ಮುಗಿಸಿ ಮತ್ತೆ ಮುಚ್ಚಿ ಬರೆಯಿರಿ. ಎರಡನೇ ದಿನದಿಂದ ಕ-ಕಿ-ಕು ಕ್ರಮ ಬಿಟ್ಟು, ಒಂದೊಂದು ಅಕ್ಷರ ಬರೆದ ಚೀಟಿಗಳನ್ನು ಕಲಸಿಬಿಡಿ. ಇಲ್ಲದಿದ್ದರೆ ನೆನಪಾಗುವುದು ಅಕ್ಷರವಲ್ಲ, ಸರದಿ.

ಅಚ್ಚಿನ ಅಕ್ಷರ ನೋಡಿ ಕೈಬರಹ ಕಲಿಯಬಾರದು. ಕಿ, ಸ ಎರಡರಲ್ಲೂ ಕೆಳಗಿನ ಬಾಗು ಅನೇಕ ಫಾಂಟುಗಳಲ್ಲಿ ಮೇಲಿನ ಗೆರೆಗೆ ಅಂಟಿರುತ್ತದೆ. ಕೈಯಲ್ಲಿ ಬರೆಯುವಾಗ ಬಿಡಿಸಿ ಬರೆಯುತ್ತಾರೆ, ಕಿ 4 ಗೆರೆ, ಸ 3 ಗೆರೆ. ಮಾದರಿಗೆ ‘ಕ್ಯೋಕಶೊತಾಯ್’ ಎಂಬ ಪಠ್ಯಪುಸ್ತಕದ ಫಾಂಟನ್ನೇ ಬಳಸಿ.

ಹಿರಗನದಲ್ಲಿ ಅವಳಿ ಅಕ್ಷರಗಳು ತುಂಬ. ನು ಮತ್ತು ಮೆ ಒಂದೇ ಥರ, ನು ಕೊನೆಗೆ ಮಾತ್ರ ಸುರುಳಿ. ರು ಸುರುಳಿಯಲ್ಲಿ ಮುಗಿಯುತ್ತದೆ, ರೊಗೆ ಅದಿಲ್ಲ. ನೆ, ರೆ, ವ ಮೂರಕ್ಕೂ ಎಡಭಾಗ ಒಂದೇ; ನೆ ಸುರುಳಿಯಾಗುತ್ತದೆ, ರೆ ಹೊರಕ್ಕೆ ಹಾರುತ್ತದೆ, ವ ಒಳಕ್ಕೆ ಬಾಗುತ್ತದೆ. ಹ ಉದ್ದಗೆರೆ ಅಡ್ಡಗೆರೆಯ ಮೇಲಕ್ಕೆ ಚಾಚುತ್ತದೆ, ಹೊ ಉದ್ದಗೆರೆ ಚಾಚುವುದಿಲ್ಲ. ಅವಳಿಗಳನ್ನು ಒಂದೇ ದಿನ ಕಲಿಯಬೇಡಿ. ಎರಡೂ ಬೇರೆಬೇರೆಯಾಗಿ ಗಟ್ಟಿಯಾದ ಮೇಲೆ ಪಕ್ಕಪಕ್ಕ ಬರೆದು ವ್ಯತ್ಯಾಸದ ಜಾಗಕ್ಕೆ ಮಾತ್ರ ಗುರುತು ಹಾಕಿ.

ಉಚ್ಚಾರವನ್ನು ಮೊದಲ ವಾರ ಅಕ್ಷರದ ಕೆಳಗೆ ಕನ್ನಡದಲ್ಲೇ ಬರೆದುಕೊಳ್ಳಿ, ರೋಮನ್‌ನಲ್ಲಿ ಬೇಡ. ಎ-ಏ, ಒ-ಓ ಭೇದ ನಮ್ಮ ಲಿಪಿಯಲ್ಲಿ ಇದ್ದೇ ಇದೆ. ಒಬಸನ್ ಎಂದರೆ ಚಿಕ್ಕಮ್ಮ, ಅತ್ತೆ. ಒಬಾಸನ್ ಎಂದರೆ ಅಜ್ಜಿ. ಹಿರಾಗಾನಾ ಎಂದು ಎಳೆಯುವುದೂ ಇಂಗ್ಲಿಷಿನ ದಾರಿಯಲ್ಲಿ ಬಂದದ್ದು, ಅದರ ನಾಲ್ಕೂ ಅಕ್ಷರ ಹ್ರಸ್ವ. ಶಾಲೆಯಲ್ಲಿ ಕಲಿತ ಮಾತ್ರಾಗಣದ ಲೆಕ್ಕವೂ ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ. ನಿಪ್ಪೊನ್ ನಾಲ್ಕು ಮಾತ್ರೆ: ನಿ, ಸಣ್ಣ ತ್ಸು, ಪೊ, ನ್. ಆ ಸಣ್ಣ ತ್ಸು ನಮ್ಮ ಒತ್ತಕ್ಷರದ ಕೆಲಸ ಮಾಡುತ್ತದೆ, ಆದರೆ ವ್ಯಂಜನದ ಕೆಳಗಲ್ಲ, ಹಿಂದೆ ಬರುತ್ತದೆ. ಕೊನೆಯ ನ್ ಅಂತೂ ನಮ್ಮ ಅನುಸ್ವಾರದ ಹಾಗೇ ಮುಂದಿನ ವ್ಯಂಜನಕ್ಕೆ ಹೊಂದಿಕೊಳ್ಳುತ್ತದೆ: ಶಿಂಬುನ್, ರಿಂಗೊ, ಸಂಪೊ. ಎಡವುವುದು ಮುಂದೆ ಸ್ವರ ಬಂದಾಗ. ಕಿನ್-ಎನ್ ಎಂದರೆ ಧೂಮಪಾನ ನಿಷೇಧ, ನಾಲ್ಕು ಮಾತ್ರೆ. ಕೂಡಿಸಿ ಕಿನೆನ್ ಎಂದರೆ ಮೂರೇ ಮಾತ್ರೆ, ಅರ್ಥ ಸ್ಮರಣೆ.

ದೀರ್ಘ ಬರೆಯುವಾಗ ಇನ್ನೊಂದು ತೊಡಕು. ಓ ಎಂಬ ದೀರ್ಘಕ್ಕೆ ಹಿರಗನದಲ್ಲಿ ಸಾಮಾನ್ಯವಾಗಿ ಉ ಸೇರಿಸುತ್ತಾರೆ: ತೋಕ್ಯೋ ಬರೆಯುವುದು ತೊ-ಉ-ಕ್ಯೊ-ಉ. ದೊಡ್ಡದು ಎಂಬ ಓಕೀ, ದೂರ ಎಂಬ ತೋಯ್, ಮಂಜುಗಡ್ಡೆ ಎಂಬ ಕೋರಿ ಮುಂತಾದ ಕೆಲವಕ್ಕೆ ಮಾತ್ರ ಒ. ಇಂಥವನ್ನು ಕಂಡಾಗಲೆಲ್ಲ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸೇರಿಸುತ್ತಾ ಹೋಗಿ. ವಿಭಕ್ತಿಯಂತೆ ಬಳಸುವ ಹ, ಹೆ ಅಕ್ಷರಗಳನ್ನು ವ, ಎ ಎಂದು ಓದಬೇಕು. 1946ರ ಕಾಗುಣಿತ ಸುಧಾರಣೆಯಲ್ಲೂ ಹಾಗೇ ಉಳಿದ ಹಳೆಯ ಬರವಣಿಗೆ ಅದು.

ಡಿಸೆಂಬರ್ 29ರಿಂದ, ಹೊರನಾಡಿನ ಪದ, ಹೆಸರುಗಳಿಗೆ ಬಳಸುವ ಕತಕನ. ಅಕ್ಷರಗಳ ಸಂಖ್ಯೆ ಅದೇ 46, ಆದರೆ ಮೂರಲ್ಲ, ನಾಲ್ಕು ವಾರ ಕೊಡಿ. ಆರಂಭದ ಓದಿನಲ್ಲಿ ಅದು ಕಡಿಮೆ ಎದುರಾಗುವುದರಿಂದ ಬೇಗ ಮರೆಯುತ್ತದೆ. ಶಿ, ತ್ಸು, ಸೊ, ನ್ ನಾಲ್ಕೂ ಒಂದರಂತೆ ಇನ್ನೊಂದು ಕಾಣುವುದು ಪ್ರಸಿದ್ಧ ತಲೆನೋವು. ಆಕಾರ ದಿಟ್ಟಿಸಿದರೆ ಬಗೆಹರಿಯುವುದಿಲ್ಲ, ಗೆರೆಯ ದಿಕ್ಕಿನಿಂದ ಬಗೆಹರಿಯುತ್ತದೆ. ಶಿ ಮತ್ತು ನ್‌ನಲ್ಲಿ ಸಣ್ಣ ಗೆರೆಗಳು ಎಡ ಅಂಚಿಗೆ ಸಾಲಾಗಿ, ಉದ್ದದ ಗೆರೆ ಕೆಳಗಿನಿಂದ ಮೇಲಕ್ಕೆ. ತ್ಸು ಮತ್ತು ಸೊದಲ್ಲಿ ಸಣ್ಣ ಗೆರೆಗಳು ಮೇಲಂಚಿಗೆ, ಉದ್ದದ ಗೆರೆ ಮೇಲಿನಿಂದ ಕೆಳಕ್ಕೆ. ಶಿ, ತ್ಸು ಮೂರು ಗೆರೆ. ನ್, ಸೊ ಎರಡು. ಅಭ್ಯಾಸಕ್ಕೆ ನಮ್ಮ ಊರುಗಳೇ ಸಾಕು: ಬಂಗರೋರು ಬರೆದರೆ ನ್, ಮೈಸೋರು ಬರೆದರೆ ಸೊ, ಶಿಮೊಗ್ಗ ಬರೆದರೆ ಶಿ ಮತ್ತು ಸಣ್ಣ ತ್ಸು. ಹಾಸಿಗೆ ಹೊದಿಕೆಗೆ ಹೇಳುವ ಶೀತ್ಸು ಎಂಬ ಪದದಲ್ಲಿ ಶಿ, ತ್ಸು ಜೋಡಿಯಾಗಿಯೇ ಸಿಗುತ್ತವೆ. ಕತಕನದಲ್ಲಿ ದೀರ್ಘಕ್ಕೆ ಒಂದು ಅಡ್ಡಗೆರೆ; ಮೇಲಿನಿಂದ ಕೆಳಕ್ಕೆ ಬರೆಯುವ ಪುಟದಲ್ಲಿ ಅದೇ ಗೆರೆ ನೆಟ್ಟಗೆ ನಿಲ್ಲುತ್ತದೆ.

ನಡುವೆ ಮೂರು-ನಾಲ್ಕು ದಿನ ತಪ್ಪಿದರೆ ಒಂದೇ ದಿನ ಒಂದು ಗಂಟೆ ಕೂತು ಸರಿದೂಗಿಸಲು ಹೋಗಬೇಡಿ. ಅದೇ 20 ನಿಮಿಷ ಕೂಡಿ, ಬಾಕಿ ತೀರುವತನಕ ಹೊಸ ಸಾಲು ನಿಲ್ಲಿಸಿ.

ಕಂಜಿಗೆ ಜನವರಿ 26ರಿಂದ 20 ವಾರ, ವಾರಕ್ಕೆ 5. ದಿನಬಳಕೆಗೆಂದು ಜಪಾನ್ ಸರ್ಕಾರ 2010ರಲ್ಲಿ ಪರಿಷ್ಕರಿಸಿದ ಪಟ್ಟಿಯಲ್ಲಿ 2136 ಇವೆ. ಪ್ರಾಥಮಿಕ ಶಾಲೆಯ ಆರು ತರಗತಿಗೆ 1026, ಮೊದಲ ತರಗತಿಗೆ 80. ಆ 80ರಿಂದ ಅಂಕಿಗಳು, ವಾರದ ಹೆಸರುಗಳು, ಬೆಟ್ಟ, ಹೊಳೆ, ಬಾಯಿ, ಕೈ ಆರಿಸಿಕೊಳ್ಳಿ, ಆದರೆ ಪಟ್ಟಿಯನ್ನು ಕ್ರಮವಾಗಿ ಹಿಡಿದು ಹೋಗಬೇಡಿ. ಹುಳು, ಚಿಪ್ಪು, ದಾರ ಒಂದನೇ ತರಗತಿಯಲ್ಲೇ ಬರುತ್ತವೆ. ತಿನ್ನು, ಹೋಗು, ಹೊತ್ತು ಬರುವುದು ಎರಡನೆಯದರಲ್ಲಿ, ಕುಡಿ ಮೂರನೆಯದರಲ್ಲಿ. ಮಕ್ಕಳಿಗೆ ಸರಿಯಾದ ಕ್ರಮ ದೊಡ್ಡವರಿಗೆ ಸರಿಹೊಂದುವುದಿಲ್ಲ. ಎನ್5ಗೆ ಇಂತಿಷ್ಟೇ ಕಂಜಿ ಎಂದು ಪರೀಕ್ಷೆ ನಡೆಸುವವರು 2010ರ ನಂತರ ಪಟ್ಟಿ ಪ್ರಕಟಿಸಿಲ್ಲ, ಆದ್ದರಿಂದ ‘ಅಧಿಕೃತ ಪಟ್ಟಿ’ ಎಂದು ಮಾರುವುದನ್ನು ನಂಬಬೇಡಿ.

ಒಂದು ಕಂಜಿಗೆ ಹಲವು ಓದು. ಅವನ್ನೆಲ್ಲ ಒಟ್ಟಿಗೆ ಬಾಯಿಪಾಠ ಮಾಡುವುದು ವ್ಯರ್ಥ. ಭಾನುವಾರ ಎಂಬ ನಿಚಿಯೋಬಿ ಪದದ ಮೊದಲಲ್ಲೂ ಕೊನೆಯಲ್ಲೂ ಸೂರ್ಯನ ಅದೇ ಅಕ್ಷರ, ಮೊದಲು ನಿಚಿ, ಕೊನೆಗೆ ಬಿ. ಹಾಗಾಗಿ ಕಾರ್ಡಿನ ಮೇಲೆ ಬಿಡಿ ಕಂಜಿ ಬರೆಯದೆ ಇಡೀ ಪದ ಬರೆಯಿರಿ. ನಡುವಿನ ಯೋ 18 ಗೆರೆಯದು. ಅದನ್ನು ಗುರುತಿಸಿದರೆ ಸಾಕು, ಏಕೆಂದರೆ ಜೆಎಲ್‌ಪಿಟಿಯಲ್ಲಿ ಕೈಬರಹವೇ ಇಲ್ಲ, ಉತ್ತರ ಆರಿಸಿ ಗುರುತು ಹಾಕುವುದಷ್ಟೆ. ಸರಳವಾದವನ್ನು ಮಾತ್ರ ಕೈಯಲ್ಲಿ ಬರೆಯಿರಿ: ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ, ಅಡ್ಡಗೆರೆ ಮೊದಲು, ಆವರಣದ ತಳ ಕೊನೆಗೆ. ಕೆಳಗಿನ ಅಡ್ಡಗೆರೆ ಉದ್ದವಾದರೆ ಮಣ್ಣು, ಮೇಲಿನದು ಉದ್ದವಾದರೆ ಯೋಧ ಎನ್ನುವಂಥ ವ್ಯತ್ಯಾಸ ಬರೆದವರ ಕಣ್ಣಿಗೆ ಬೇಗ ಬೀಳುತ್ತದೆ.

ಜೂನ್ 15ರಿಂದ ಹೊಸ ಕಂಜಿ ಬೇಡ. ಉಳಿಯುವ ಮೂರು ವಾರ 5 ನಿಮಿಷದ ಓದನ್ನು 12ಕ್ಕೆ ಏರಿಸಿ, 8 ನಿಮಿಷವನ್ನು ಮತ್ತೆ ಮತ್ತೆ ತಪ್ಪಾಗುತ್ತಿರುವ ಕಾರ್ಡುಗಳಿಗೆ ಇಡಿ.