ಅಮೆರಿಕದವರ ಬ್ಯಾಡ್ಜು ನಿನಗ್ಯಾಕೆ?

ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ನು ಮೇಲೆ ಕೇಳಿದವರಿಗೆಲ್ಲ ಇದನ್ನೇ ಕಳಿಸುತ್ತೇನೆ.

ನಾನು ಕೂಡಿಡುವುದು ವಿಂಗ್ಸ್. ಅಂದರೆ ಅಮೆರಿಕದ ಸೇನೆಯಲ್ಲಿ ವಿಮಾನದ ತರಬೇತಿ ಮುಗಿಸಿದವರು ಎಡಗಡೆ ಜೇಬಿನ ಮೇಲೆ ಹಾಕಿಕೊಳ್ಳುವ ರೆಕ್ಕೆಯ ಬ್ಯಾಡ್ಜು. ನನ್ನ ಹತ್ತಿರ ಇರುವುದು ಜಾಸ್ತಿ ಎರಡನೇ ಮಹಾಯುದ್ಧದ ಕಾಲದವು. ನಿಮ್ಮನೇಲಿ ಯಾರಾದ್ರೂ ಮಿಲಿಟರೀಲಿ ಇದ್ರಾ? ಇಲ್ಲ. ಮಾರಿದ್ರೆ ಎಷ್ಟು ಬರುತ್ತೆ? ಮಾರುವುದಿಲ್ಲ. ಹಾಕ್ಕೊಂಡು ಓಡಾಡ್ತೀಯಾ? ಖಂಡಿತ ಇಲ್ಲ. ಕಷ್ಟಪಟ್ಟು ಅದನ್ನು ಪಡೆದವರ ಎದೆ ಮೇಲೆ ಮಾತ್ರ ಅದು ಇರಬೇಕು.

ಬೆಳ್ಳಂದೂರಿನಲ್ಲಿ ನಂಟರ ಫ್ಲಾಟಿನ ಗೃಹಪ್ರವೇಶ. ಊಟಕ್ಕೆ ಕೂತಾಗ ದೊಡ್ಡಪ್ಪ ಒಬ್ಬರು ಪಕ್ಕದವರಿಗೆ ನನ್ನ ಪರಿಚಯ ಮಾಡಿಕೊಟ್ಟರು: "ಇವನು ನಮ್ಮ ದೇಶದ್ದು ಬಿಟ್ಟು ಯಾರದ್ದೋ ತಗಡು ಕೂಡಿಡ್ತಾನೆ." ಎಲ್ಲರೂ ನಕ್ಕರು. ಹೋಳಿಗೆ ಎಲೆಯಲ್ಲೇ ಉಳಿಯಿತು. ಹಿರಿಯರು ಅಂತ ಅವತ್ತು ಸುಮ್ನಿದ್ದೆ. ಇವತ್ತು ಸುಮ್ನಿರಲ್ಲ.

ದೊಡ್ಡಪ್ಪ, ಅದು ತಗಡಲ್ಲ. ನನ್ನ ಹತ್ತಿರ ಇರುವುದರಲ್ಲಿ ಜಾಸ್ತಿಯವು ಸ್ಟರ್ಲಿಂಗ್ ಬೆಳ್ಳಿ, ನೂರಕ್ಕೆ 92.5 ಪಾಲು ಬೆಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ ಮೂರು ಇಂಚು. ನಡುವೆ ಇರುವ ಗುರುತು ನೋಡಿದರೆ ಹಾಕಿಕೊಂಡವರು ವಿಮಾನದಲ್ಲಿ ಏನು ಮಾಡುತ್ತಿದ್ದರು ಅಂತ ಗೊತ್ತಾಗುತ್ತದೆ. ಗುರಾಣಿ ಇದ್ದರೆ ಪೈಲಟ್. ಬಾಂಬು ಇದ್ದರೆ ಬಾಂಬ್ ಹಾಕುವವರು. ಬಳೆ ಬಳೆ ಸೇರಿಸಿ ಮಾಡಿದ ಖಗೋಳ ಇದ್ದರೆ ದಾರಿ ಲೆಕ್ಕ ಹಾಕುವ ನ್ಯಾವಿಗೇಟರ್. ರೆಕ್ಕೆ ಇರುವ ಗುಂಡು ಇದ್ದರೆ ಗನ್ನರ್. ಬಿ-17, ಬಿ-24ರಂಥ ದೊಡ್ಡ ಬಾಂಬರ್‌ಗಳಲ್ಲಿ ಸಾಮಾನ್ಯವಾಗಿ ಹತ್ತು ಜನ ಇರುತ್ತಿದ್ದರು. ಪೈಲಟ್ ಒಬ್ಬನಿಂದ ಏನೂ ಆಗುತ್ತಿರಲಿಲ್ಲ. ಅದಕ್ಕೇ ಬೇರೆ ಬೇರೆ ಕೆಲಸಕ್ಕೆ ಬೇರೆ ಬೇರೆ ರೆಕ್ಕೆ ಬಂತು.

ನಡುವೆ ವಜ್ರದ ಆಕಾರ ಇರುವ ರೆಕ್ಕೆಯೂ ಒಂದಿದೆ. ಅದು ವಾಸ್ಪ್, ಅಂದರೆ ವಿಮೆನ್ ಏರ್‌ಫೋರ್ಸ್ ಸರ್ವಿಸ್ ಪೈಲಟ್ಸ್ ಅನ್ನುವ ಪಡೆಯ ಹೆಂಗಸರದ್ದು. ಟೆಕ್ಸಸ್‌ನ ಸ್ವೀಟ್‌ವಾಟರ್‌ನಲ್ಲಿ ತರಬೇತಿ ಪಡೆದು, ಕಾರ್ಖಾನೆಯಿಂದ ಹೊಸ ವಿಮಾನ ಹಾರಿಸಿಕೊಂಡು ಹೋಗಿ ನೆಲೆಗೆ ಮುಟ್ಟಿಸುತ್ತಿದ್ದವರು. 1,074 ಜನ ತರಬೇತಿ ಮುಗಿಸಿದರು. 38 ಜನ ಜೀವ ಕಳೆದುಕೊಂಡರು. ಇಷ್ಟಾದರೂ ಅವರನ್ನು ಸೇನೆಯವರು ಅಂತ ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಮಾಜಿ ಯೋಧರ ಮಾನ್ಯತೆ ಕೊಡುವ ಕಾನೂನು ಬಂದಿದ್ದು 1977ರಲ್ಲಿ! ಈ ವಿಷಯ ಬಂದಾಗಲೆಲ್ಲ ನನ್ನ ದನಿ ಏರುತ್ತದೆ, ಏರಲಿ ಬಿಡಿ.

ಯಾಕೆ, ಎಷ್ಟು, ಯಾರದ್ದು ಅಂತ ಕೇಳುವವರು ಒಬ್ಬರಾದರೂ "ತಿರುಗಿಸಿ ನೋಡ್ಲಾ?" ಅಂತ ಕೇಳಬಾರದಾ? ನಾನು ಕಾಯುತ್ತಿರುವುದು ಆ ಪ್ರಶ್ನೆಗೆ. ವಿಷಯ ಇರುವುದೆಲ್ಲ ಹಿಂಬದಿಯಲ್ಲಿ. ಮೇಯರ್, ಆಮ್‌ಕ್ರಾಫ್ಟ್ ಅಂತ ತಯಾರಕರ ಹೆಸರು ಅಲ್ಲಿರುತ್ತದೆ. ಪಿನ್ ಹೇಗೆ ಕೂರಿಸಿದ್ದಾರೆ, ಬೆಸುಗೆ ಹೇಗಿದೆ, ಅಕ್ಷರದ ಅಂಚು ಚೂಪಾಗಿದೆಯಾ ಮೊಂಡಾಗಿದೆಯಾ, ಎಲ್ಲ ಅಲ್ಲೇ ಕಾಣುತ್ತದೆ. ಯುದ್ಧ ಮುಗಿದ ಮೇಲೂ ಹಳೇ ಅಚ್ಚುಗಳಲ್ಲಿ ಹೊಸ ರೆಕ್ಕೆ ಒತ್ತಿದ್ದಾರೆ. ಹಾಗಾಗಿ ಮುಂದೆ ನೋಡಿದರೆ ಹಳೇದಕ್ಕೂ ಹೊಸದಕ್ಕೂ ವ್ಯತ್ಯಾಸವೇ ಕಾಣದೆ ಇರಬಹುದು.

ನನಗೆ ಎಲ್ಲಕ್ಕಿಂತ ಇಷ್ಟವಾದ ಪೈಲಟ್ ರೆಕ್ಕೆಯ ಹಿಂದೆ ಯಾವ ಹೆಸರೂ ಇಲ್ಲ. ಬರೀ ಅರ ಹಾಕಿದ ಗೆರೆಗಳು. ಎಡಗಡೆ ಗರಿಗಳಿಗೂ ಬಲಗಡೆ ಗರಿಗಳಿಗೂ ಹೊಂದಾಣಿಕೆ ಇಲ್ಲ. ಬಲಗಡೆ ತುದಿಯಲ್ಲಿ ಒಂದು ಗರಿ ಜಾಸ್ತಿಯೇ ಇದೆ. ಅಚ್ಚಿನಲ್ಲಿ ಒತ್ತಿದ್ದಲ್ಲ, ಕೈಯಲ್ಲಿ ಕೊರೆದದ್ದು. ಪಿನ್ನಿನ ಬುಡದಲ್ಲಿ ಬೆಸುಗೆ ಉಕ್ಕಿ ಗಟ್ಟಿಯಾಗಿದೆ. ಚೀನಾ-ಬರ್ಮಾ-ಇಂಡಿಯಾ ಯುದ್ಧರಂಗದಲ್ಲಿದ್ದ ಅಮೆರಿಕನ್ನರಿಗೆ ನಮ್ಮ ದೇಶದ ಬೆಳ್ಳಿ ಕೆಲಸದವರೇ ಇಂಥವನ್ನು ಮಾಡಿಕೊಟ್ಟಿದ್ದಾರೆ. ಜರಿ ದಾರದಲ್ಲಿ ಕಸೂತಿ ಹಾಕಿದವೂ ಇವೆ. ಅಸ್ಸಾಮಿನಿಂದ ಹೊರಟು ಹಿಮಾಲಯ ದಾಟಿ ಚೀನಾದ ಕುನ್ಮಿಂಗ್‌ಗೆ ಸಾಮಾನು ಹೊತ್ತವರ ಎದೆಯ ಮೇಲೆ ನಮ್ಮವರ ಕೈಕೆಲಸ ಇತ್ತು.

ನಮ್ಮ ದೇಶದ್ದು ಬಿಟ್ಟು ಅಂದಿರಲ್ಲ ದೊಡ್ಡಪ್ಪ, ಈಗ ಕೇಳಿ. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮೈಸೂರು ಸರ್ಕಾರದ ಜೊತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. ಈಗಿನ ಎಚ್‌ಎಎಲ್ ಅದೇ. 1943ರಲ್ಲಿ ಅದರ ಉಸ್ತುವಾರಿ ಅಮೆರಿಕದ ವಾಯುಪಡೆಗೆ ಹೋಯಿತು. ಆ ಯುದ್ಧರಂಗದ ಎಷ್ಟೋ ವಿಮಾನಗಳು ರಿಪೇರಿಗೆ ಇಲ್ಲಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾ ವಿಮಾನಗಳು ಎಲ್ಲಿ ಇಳಿಯುತ್ತಿದ್ದವು ಗೊತ್ತಾ? ಬೆಳ್ಳಂದೂರು ಕೆರೆಯಲ್ಲಿ. ನೀವು ಹೋಳಿಗೆ ತಿನ್ನುತ್ತಾ ನನ್ನ ತಗಡಿನ ಬಗ್ಗೆ ಹೇಳಿದಿರಲ್ಲ, ಅದೇ ಊರಿನ ಕೆರೆ. ಹಾಗಾದರೆ ಇದು ಯಾರದ್ದೋ ಹೇಗಾಯಿತು?

ಈಗ ನನ್ನದೊಂದು ಪ್ರಶ್ನೆ. ದಂಡು ಪ್ರದೇಶದಲ್ಲಾಗಲಿ, ಪೇಟೆಯಲ್ಲಾಗಲಿ, ಯುದ್ಧದ ಕಾಲದಲ್ಲಿ ಸೈನಿಕರಿಗೆ ಬ್ಯಾಡ್ಜು ಮಾಡಿಕೊಡುತ್ತಿದ್ದ ಅಕ್ಕಸಾಲಿಗರು ನಿಮ್ಮ ಮನೆತನದಲ್ಲಿ ಇದ್ದರಾ? ಹಳೇ ಲೆಕ್ಕದ ಪುಸ್ತಕ, ಕಾಗದದ ಮೇಲೆ ಬರೆದುಕೊಂಡ ರೆಕ್ಕೆಯ ಚಿತ್ರ, ಅಜ್ಜ ಹೇಳಿದ ಒಂದು ಮಾತು, ಯಾವುದಿದ್ದರೂ ದಯವಿಟ್ಟು ಬರೆಯಿರಿ. ಹತ್ತಿರದಲ್ಲಿದ್ದರೆ ನಾನೇ ಬರುತ್ತೇನೆ, ರೆಕ್ಕೆ ಮತ್ತು ಲೆನ್ಸ್ ಎರಡನ್ನೂ ತರುತ್ತೇನೆ.