ಪೆನ್‌ಡ್ರೈವ್ ಸಿಗುತ್ತದೆ, ಡಿವಿಡಿ ಡ್ರೈವ್ ಸಿಗುವುದಿಲ್ಲ

ಅಕ್ಕನ ಮದುವೆಯ ಎರಡು ಡಿವಿಡಿಗಳನ್ನು ಕಂಪ್ಯೂಟರಿಗೆ ಇಳಿಸಿಕೊಡು ಎಂದು ಅಮ್ಮ ಬಹಳ ದಿನಗಳಿಂದ ಹೇಳುತ್ತಲೇ ಇದ್ದರು. ದಾವಣಗೆರೆಯ ಏಪ್ರಿಲ್ ಬಿಸಿಲಿಗೆ ಹೊರಗೆ ಕಾಲಿಡಲಾಗದ ಒಂದು ಭಾನುವಾರ ಮಧ್ಯಾಹ್ನ, ಅಟ್ಟದ ಮೇಲಿದ್ದ ಯುಎಸ್‌ಬಿ ಡಿವಿಡಿ ಡ್ರೈವನ್ನು ಇಳಿಸಿ, ಧೂಳು ಒರೆಸಿ, ಆರ್ಚ್ ಲಿನಕ್ಸ್ ಎಂಬ ಆಪರೇಟಿಂಗ್ ಸಿಸ್ಟಮ್ ಇರುವ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ದೀಪ ಹತ್ತಿತು, ಡಿಸ್ಕ್ ತಿರುಗಿತು. ಆದರೆ ಫೈಲ್ ಮ್ಯಾನೇಜರಿನಲ್ಲಿ ಏನೂ ಬರಲಿಲ್ಲ. ಸಿಕ್ಕಿಸಿದ ಸಾಧನಗಳು ಫೈಲುಗಳಂತೆ ಕಾಣಿಸುವ ಡೆವ್ ಡೈರೆಕ್ಟರಿಯಲ್ಲಿ, ಡಿವಿಡಿ ಡ್ರೈವಿನ ಹೆಸರಾಗಿ ಇರಬೇಕಿದ್ದ ಎಸ್‌ಆರ್0 ಇರಲಿಲ್ಲ, ಅದನ್ನು ತೋರಿಸುವ ಸಿಡಿರಾಮ್ ಎಂಬ ಕೊಂಡಿಯೂ ಇರಲಿಲ್ಲ.

ಡ್ರೈವ್ ಸತ್ತಿದೆ ಎಂದು ನಾನು ತೀರ್ಮಾನಿಸಿದಾಗ ಅಮ್ಮ, “ಗುಂಡಿ ಒತ್ತಿದ್ರೆ ಬಾಯಿ ತೆಗಿತೈತಲ್ಲಪ್ಪ, ಕೆಟ್ಟೈತಿ ಅಂತ ಹೆಂಗ್ ಹೇಳ್ತೀಯ?” ಎಂದರು. ಬಾಯಿ ತೆರೆಯುವುದಕ್ಕೆ 5 ವೋಲ್ಟ್ ವಿದ್ಯುತ್ ಸಿಕ್ಕರೆ ಸಾಕು, ಅದು ಕಂಪ್ಯೂಟರಿನೊಂದಿಗೆ ಮಾತಾಡುತ್ತಿದೆ ಎಂಬುದಕ್ಕೆ ಅದೇನೂ ಸಾಕ್ಷಿಯಲ್ಲ. ಆದರೂ ತೀರ್ಪು ಅಮ್ಮನದೇ ಸರಿಯಾಗಿತ್ತು.

ಪೋರ್ಟ್ ಕೆಟ್ಟಿರಬಹುದೆಂದು ಅದೇ ಪೋರ್ಟಿಗೆ ಪೆನ್‌ಡ್ರೈವ್ ಹಾಕಿದೆ, ತಕ್ಷಣ ತೆರೆದುಕೊಂಡಿತು. ನನ್ನ ದಾರಿ ತಪ್ಪಿಸಿದ್ದು ಇದೇ ಪರೀಕ್ಷೆ. ಇನ್ನೊಂದು ಡ್ರೈವ್ ಕೊಳ್ಳಲು ಹೊರಡುವ ಮುನ್ನ ಲಿನಕ್ಸಿನ ತಿರುಳಾದ ಕರ್ನೆಲ್‌ನ ದಿನಚರಿಯನ್ನಾದರೂ (ಲಾಗ್) ಓದೋಣವೆಂದು ಡಿಎಂಇಎಸ್‌ಜಿ ಎಂಬ ಆಜ್ಞೆ ಕೊಟ್ಟು ನೋಡಿದೆ. ಡ್ರೈವಿನ ಕಂಪನಿಯ ಹೆಸರು, ಮಾದರಿ ಸಂಖ್ಯೆ, ಅದು ಸಿಡಿರಾಮ್ ಜಾತಿಯದೆಂಬ ವಿವರ ಎಲ್ಲವೂ ಸ್ಕಸಿ (ಡ್ರೈವ್‌ಗಳೊಂದಿಗೆ ಮಾತಾಡುವ ಪದ್ಧತಿ) ಎಂಬ ಸಾಲಿನಲ್ಲಿ ಅಚ್ಚುಕಟ್ಟಾಗಿ ಬಂದಿದ್ದವು. ಅದರ ಬೆನ್ನಿಗೇ ಬರಬೇಕಾದ, ಎಸ್‌ಆರ್0 ಎಂದು ಹೆಸರಿಡುವ ಸಾಲು ಮಾತ್ರ ಇರಲಿಲ್ಲ. ಅಂದರೆ ಕೇಬಲ್ಲಿನದೂ ಡ್ರೈವಿನದೂ ತಪ್ಪಿರಲಿಲ್ಲ. ಬಂದ ಅತಿಥಿಯನ್ನು ಬಾಗಿಲಲ್ಲಿ ಗುರುತಿಸಿದ್ದರು, ಒಳಗೆ ಕರೆಯುವವರು ಇರಲಿಲ್ಲ.

ಒಳಗೆ ಕರೆಯುವ ಕೆಲಸ ಎಸ್‌ಆರ್ ಮಾಡ್ ಎಂಬ ಮಾಡ್ಯೂಲಿನದು, ಅಂದರೆ ಬೇಕಾದಾಗ ಡಿಸ್ಕಿನಿಂದ ಬಂದು ಕರ್ನೆಲ್‌ಗೆ ಸೇರಿಕೊಳ್ಳುವ ಡ್ರೈವರ್ ತುಣುಕಿನದು. ಮಾಡ್‌ಪ್ರೋಬ್ ಎಂಬ ಆಜ್ಞೆಯ ಮೂಲಕ ಅದನ್ನು ಕೈಯಾರೆ ಕರೆದಾಗ, ಅಂಥ ಮಾಡ್ಯೂಲ್ ಸಿಗಲಿಲ್ಲವೆಂಬ ಉತ್ತರ ಬಂತು. ಓಡುತ್ತಿದ್ದ ಕರ್ನೆಲ್ ಯಾವುದೆಂದು ಯುನೇಮ್‌ನಲ್ಲಿ ಕೇಳಿದರೆ 6.8.4, ಮಾಡ್ಯೂಲ್‌ಗಳ ಡೈರೆಕ್ಟರಿಯಲ್ಲಿ ಇದ್ದದ್ದು 6.8.7 ಮಾತ್ರ. ಹಿಂದಿನ ರಾತ್ರಿ, ಆರ್ಚ್‌ನಲ್ಲಿ ಸಾಫ್ಟ್‌ವೇರ್ ಕೂರಿಸುವ ಪ್ಯಾಕ್‌ಮ್ಯಾನ್‌ನಿಂದ ಎಲ್ಲವನ್ನೂ ಅಪ್‌ಡೇಟ್ ಮಾಡಿದ್ದೆ. ಆರ್ಚ್‌ನಲ್ಲಿ ಹೊಸ ಕರ್ನೆಲ್ ಕೂರುವಾಗ ಹಳೆಯದರ ಮಾಡ್ಯೂಲ್‌ಗಳು ಡಿಸ್ಕಿನಿಂದ ಅಳಿದುಹೋಗುತ್ತವೆ. ನಾನೋ ಹದಿನೈದು ದಿನಗಳಿಂದ ಮುಚ್ಚಳ ಮುಚ್ಚಿ ತೆರೆಯುತ್ತಿದ್ದೆನೇ ಹೊರತು ರೀಸ್ಟಾರ್ಟ್ ಮಾಡಿರಲಿಲ್ಲ. ಪೆನ್‌ಡ್ರೈವನ್ನು ಆ ದಿನಗಳಲ್ಲಿ ಬಳಸಿದ್ದರಿಂದ ಅದಕ್ಕೆ ಬೇಕಾದ ಯುಎಸ್‌ಬಿ ಸ್ಟೋರೇಜ್ ಮಾಡ್ಯೂಲ್ ಮೊದಲೇ ಮೆಮೊರಿಯಲ್ಲಿ ಕೂತಿತ್ತು. ಡಿವಿಡಿಯ ಮಾಡ್ಯೂಲ್ ಬೇಕಾದದ್ದು ಅಂದೇ ಮೊದಲ ಸಲ, ಅಷ್ಟರಲ್ಲಿ ಅದು ಡಿಸ್ಕಿನಲ್ಲೇ ಉಳಿದಿರಲಿಲ್ಲ.

ರೀಸ್ಟಾರ್ಟ್ ಮಾಡಿದ ಮೇಲೆ ಎಸ್‌ಆರ್0 ಬಂತು, ಸಾಧನಗಳ ಹೆಸರು ನೋಡಿಕೊಳ್ಳುವ ಯುಡೆವ್ ಸಿಡಿರಾಮ್ ಕೊಂಡಿಯನ್ನು ತಾನೇ ಹಾಕಿತು. ಡೆಸ್ಕ್‌ಟಾಪಿನ ಒಳಗಿರುವ ಸಾಟಾ ಡ್ರೈವ್ ಹೀಗೆ ಕಾಣೆಯಾದರೆ ಮಾತ್ರ ದಿನಚರಿಯಲ್ಲಿ ಲಿಂಕ್ ಡೌನ್ ಎಂಬ ಸಾಲಿದೆಯೇ ಎಂದು ಮೊದಲು ನೋಡುವುದು ಒಳ್ಳೆಯದು; ಇದ್ದರೆ ಡೇಟಾ ಕೇಬಲ್ ಸಡಿಲವಾಗಿರಬಹುದು, ಇಲ್ಲವೇ ಬಯಾಸ್‌ನಲ್ಲಿ ಆ ಪೋರ್ಟ್ ಮುಚ್ಚಿರಬಹುದು.

ಮೊದಲ ಡಿಸ್ಕ್ ತೊಂದರೆಯಿಲ್ಲದೆ ಇಳಿಯಿತು. ಧಾರೆಯ ಭಾಗವಿರುವ ಎರಡನೆಯದರ ಮೇಲೆ ಗೀರುಗಳಿವೆ. ಹಾಳಾದ ಡಿಸ್ಕಿನಿಂದ ಸಿಕ್ಕಷ್ಟನ್ನು ಓದಿಕೊಡುವ ಡಿಡಿರೆಸ್ಕ್ಯೂಗೆ 2048 ಬೈಟಿನ ಸೆಕ್ಟರ್ ಗಾತ್ರ ಕೊಟ್ಟು ಬಿಟ್ಟಿದ್ದೇನೆ, ಇದನ್ನು ಬರೆಯುವ ಹೊತ್ತಿಗೂ ಅದು ಓದುತ್ತಲೇ ಇದೆ.