ದರಿಯಾ ದೌಲತ್‌ಗೆ ಹೋಗುವವರು ಬೆಳಗ್ಗೆಯೇ ಹೋಗಿ

ಬೇಕಲ ಕೋಟೆ ನೋಡುತ್ತಾ ಬೆಳೆದ ನಮಗೆ ಟಿಪ್ಪು ಅಂದರೆ ಮುರಕಲ್ಲಿನ ಗೋಡೆ, ಬುರುಜು, ಫಿರಂಗಿ. ಅದೇ ಟಿಪ್ಪು ಬೇಸಿಗೆಗೆಂದು ಕಾವೇರಿ ದಂಡೆಯಲ್ಲಿ ಒಂದು ಮರದ ಮನೆ ಕಟ್ಟಿಸಿ ಸುತ್ತ ತೋಟ ಮಾಡಿಸಿದ್ದ. ಅದೇ ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರದ್ದು.

ನಾನು ಮೊದಲ ಸಲ ಹೋದದ್ದು ಪ್ರವಾಸದ ಬಸ್ಸಿನಲ್ಲಿ. ಮಟಮಟ ಮಧ್ಯಾಹ್ನ ಇಳಿಸಿ, ಇಪ್ಪತ್ತು ನಿಮಿಷದಲ್ಲಿ ಬನ್ನಿ ಅಂದಿದ್ದರು. ಓಡಿ ಹೋಗಿ ಓಡಿ ಬಂದದ್ದಷ್ಟೇ ನೆನಪು. ಆ ಬೇಸರ ಮನಸ್ಸಲ್ಲೇ ಉಳಿದಿತ್ತು. ಹಾಗಾಗಿ ಕಳೆದ ಡಿಸೆಂಬರಿನಲ್ಲಿ ಅಮ್ಮನನ್ನು ಕರೆದುಕೊಂಡು ನಮ್ಮದೇ ಕಾರಿನಲ್ಲಿ ಹೊರಟೆ.

ನಮ್ಮ ಕಾಸರಗೋಡಿನ ಮುಳ್ಳೇರಿಯಾದಿಂದ ನಸುಕಿನ ನಾಲ್ಕಕ್ಕೆ ಬಿಟ್ಟೆವು. ಜಾಲ್ಸೂರು, ಸುಳ್ಯ, ಸಂಪಾಜೆ, ಮಡಿಕೇರಿ, ಕುಶಾಲನಗರ, ಹುಣಸೂರು. ಮೈಸೂರು ಪೇಟೆಯೊಳಗೆ ಹೋಗಬೇಕೆಂದಿಲ್ಲ. ಇಲವಾಲದಲ್ಲಿ ಎಡಕ್ಕೆ ತಿರುಗಿ ಕೆಆರ್‌ಎಸ್ ಕಡೆಯಿಂದ ಬಂದರೆ ಟ್ರಾಫಿಕ್ ತಪ್ಪುತ್ತದೆ. ಮಳೆಗಾಲದಲ್ಲಿ ಮಾತ್ರ ಈ ದಾರಿ ಬೇಡ. 2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮದೆನಾಡಿನ ಹತ್ತಿರ ಗುಡ್ಡ ಜರಿದು ಘಾಟಿ ರಸ್ತೆಯೇ ಬಂದ್ ಆಗಿತ್ತಲ್ವಾ? ಅಕ್ಟೋಬರ್ ಕಳೆದ ಮೇಲೆ ಹೊರಡುವುದು ಒಳ್ಳೆಯದು. ತಿಂಡಿ ಬುತ್ತಿ ಕಟ್ಟಿಕೊಳ್ಳಿ. ಅಷ್ಟು ಬೇಗ ಘಾಟಿಯಲ್ಲಿ ಹೋಟೆಲ್ ತೆರೆದಿರುವುದಿಲ್ಲ.

ಸುಳ್ಯದವರೆಗೆ ಪಯಸ್ವಿನಿ ಆಗಾಗ ದಾರಿಯ ಬದಿಗೆ ಬರುತ್ತದೆ. ಕುಶಾಲನಗರದಲ್ಲಿ ಕಾವೇರಿ ಸಿಗುತ್ತದೆ. ಎರಡೂ ಕೊಡಗಿನ ಬೆಟ್ಟದವು. ಒಂದು ನಮ್ಮ ಕಡೆಗೆ ಇಳಿಯಿತು, ಇನ್ನೊಂದು ಮೂಡು ದಿಕ್ಕಿಗೆ ಹೋಯಿತು. ಅಮ್ಮ ಸೇತುವೆ ಮೇಲೆ ಕಾರು ನಿಧಾನ ಮಾಡಿಸಿ ಕೈಮುಗಿದರು.

ನಾವು ತಲುಪುವಾಗ ಒಂಬತ್ತೂವರೆ. ಶಾಲಾ ಮಕ್ಕಳ ಬಸ್ಸುಗಳು ಇನ್ನೂ ಬಂದಿರಲಿಲ್ಲ. ಗೇಟಿನಿಂದ ಮನೆಯವರೆಗೆ ತೋಟದ ನಡುವೆ ನೇರ ದಾರಿ, ಎರಡೂ ಕಡೆ ಮರ, ಹುಲ್ಲು. ಮನೆ ಮಾತ್ರ ಕಾಣುವುದಿಲ್ಲ! ಬಿಸಿಲಿಗೆ ಬಣ್ಣ ಹೋಗಬಾರದೆಂದು ಸುತ್ತಲೂ ಹಸಿರು ಪರದೆ ಇಳಿಬಿಟ್ಟಿದ್ದಾರೆ. ಇಷ್ಟೇಯಾ ಅಂತ ಅನ್ನಿಸಬಹುದು. ಪರದೆ ದಾಟಿ ಒಳಗೆ ಕಾಲಿಡಿ.

ಎತ್ತರದ ಜಗಲಿ, ಸಾಲಾಗಿ ತೇಗದ ಕಂಬ. ಗೋಡೆ, ಕಮಾನು, ಮಾಡು, ಎಲ್ಲೂ ಬಣ್ಣವಿಲ್ಲದ ಜಾಗವಿಲ್ಲ. ಪಡುವಣ ಗೋಡೆಗೆ ಜಾಸ್ತಿ ಸಮಯ ಕೊಡಿ. ಅಲ್ಲಿರುವುದು 1780ರ ಪೊಲ್ಲಿಲೂರು ಯುದ್ಧ. ಹೈದರ್ ಮತ್ತು ಟಿಪ್ಪು ಇಂಗ್ಲಿಷರ ಕರ್ನಲ್ ಬೇಲಿಯನ್ನು ಸೋಲಿಸಿದ ದಿನ. ಬೇಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚಿಕೊಂಡಿದ್ದಾನೆ. ಮದ್ದಿನ ಬಂಡಿ ಸಿಡಿಯುತ್ತಿದೆ. ಸುತ್ತ ಕುದುರೆ, ಕತ್ತಿ, ಬಿದ್ದ ತಲೆಗಳು. ಇಷ್ಟೆಲ್ಲ ಗದ್ದಲದ ನಡುವೆ ಟಿಪ್ಪುವಿನ ಕೈಯಲ್ಲಿ ಒಂದು ಹೂ, ಮೂಸುತ್ತಿದ್ದಾನೆ. ಅದನ್ನು ತೋರಿಸಿದ್ದು ಅಮ್ಮ. "ನೋಡು, ಯುದ್ಧದಲ್ಲೂ ಗುಲಾಬಿ ಬಿಡಲಿಲ್ಲ" ಅಂದರು. ನಾನು ಮೊದಲ ಸಲ ಬಂದಾಗ ಈ ಗೋಡೆಯ ಮುಂದೆಯೇ ನಿಂತಿದ್ದೆ, ಹೂ ಕಂಡಿರಲಿಲ್ಲ.

ಮೂಡಣ ಗೋಡೆಯಲ್ಲಿ ಆಗಿನ ರಾಜರ ಒಡ್ಡೋಲಗಗಳಿವೆ. ಚಿತ್ರದುರ್ಗದ ಮದಕರಿ ನಾಯಕನನ್ನು ಹುಡುಕಿ.

ಈ ಚಿತ್ರಗಳು ಉಳಿದದ್ದೇ ದೊಡ್ಡದು. ಒಮ್ಮೆ ಇವುಗಳ ಮೇಲೆ ಸುಣ್ಣ ಬಳಿದಿದ್ದರು. 1799ರಲ್ಲಿ ಟಿಪ್ಪು ಸತ್ತ ಮೇಲೆ ಇಲ್ಲಿ ವಾಸಕ್ಕೆ ಬಂದ ಇಂಗ್ಲಿಷರ ಕರ್ನಲ್ ವೆಲ್ಲೆಸ್ಲಿ ಅವನ್ನು ಸರಿಮಾಡಿಸಿದ. ಮತ್ತೆ ಹಾಳಾದಾಗ ಗವರ್ನರ್ ಜನರಲ್ ಡಾಲ್‌ಹೌಸಿ ಪುನಃ ಬರೆಸಿದ. ದಯವಿಟ್ಟು ಗೋಡೆ ಮುಟ್ಟಬೇಡಿ, ಮಕ್ಕಳ ಕೈ ಹಿಡಿದುಕೊಳ್ಳಿ. ಒಳಗೆ ಫೋಟೋ ತೆಗೆಯುವ ಹಾಗಿಲ್ಲ. ಅದೂ ಒಳ್ಳೆಯದೇ, ಕಣ್ಣಿಟ್ಟು ನೋಡುತ್ತೇವೆ.

ಒಳಕೋಣೆಗಳು ಮ್ಯೂಸಿಯಂ. ಟಿಪ್ಪುವಿನ ಮಕ್ಕಳ ರೇಖಾಚಿತ್ರಗಳ ಮುಂದೆ ಸ್ವಲ್ಪ ನಿಲ್ಲಿ. ಬೆಳಕು ಕಡಿಮೆ, ಕನ್ನಡಕ ಕಾರಲ್ಲಿ ಬಿಟ್ಟು ಬರಬೇಡಿ.

ಹಿರಿಯರನ್ನು ಕರೆದುಕೊಂಡು ಹೋಗುವವರಿಗೆ ಒಂದು ಮಾತು. ಮೆಟ್ಟಿಲು ಕೆಲವೇ ಇವೆ, ಆದರೆ ಗೇಟಿನಿಂದ ನಡಿಗೆ ಇದೆ, ಬಿಸಿಲೇರಿದರೆ ಕಷ್ಟ. ಅಮ್ಮ ನಡುನಡುವೆ ಮರದಡಿ ಕುಳಿತರು. ನಮಗೆ ಎರಡು ಗಂಟೆ ಬೇಕಾಯಿತು. ಆಮೇಲೆ ಮೂಡಣ ತುದಿಯ ಗುಂಬಜ್‌ಗೆ ಹೋದೆವು. ಹೈದರ್, ಟಿಪ್ಪು, ಟಿಪ್ಪುವಿನ ತಾಯಿ ಮಲಗಿರುವ ಜಾಗ. ರಂಗನಾಥನ ದರ್ಶನ ಸಂಜೆಗೆ ಇಟ್ಟುಕೊಂಡೆವು.

ಅದೇ ದಿನ ವಾಪಸ್ ಬರಲು ಹೋಗಬೇಡಿ. ರಾತ್ರಿ ಮಂಜಿನಲ್ಲಿ ಮಡಿಕೇರಿ ಘಾಟಿ ಇಳಿಯುವುದು ಸುಮ್ನೆ ಅಪಾಯ. ನಾವು ಮೈಸೂರಿನಲ್ಲಿ ಉಳಿದು, ಮರುದಿನ ಮಧ್ಯಾಹ್ನದೊಳಗೆ ಸಂಪಾಜೆ ಇಳಿದೆವು.